ಪರದೆಯಿಲ್ಲದ ಪೆಟ್ಟಿಗೆ

ರಂಗನಾಥನ ಹೆಸರು ಯಾವ ಸೀರೆಯ ಮೇಲೂ ಇರಲಿಲ್ಲ. ಕೊಳ್ಳೇಗಾಲದ ಪುಟ್ಟಮಾದಪ್ಪನವರ ರೇಷ್ಮೆ ಮಗ್ಗಗಳಿಗೆ ಹನ್ನೊಂದು ವರ್ಷದಿಂದ ಅಂಚು, ಸೆರಗು ಎಲ್ಲ ಬರೆದುಕೊಟ್ಟವನು ಅವನೇ. ಮೊದಲು ಚೌಕುಳಿ ಕಾಗದದ ಮೇಲೆ, ಆಮೇಲೆ ಕಂಪ್ಯೂಟರಿನಲ್ಲಿ. "ಹುಣಸೆ ಹೂವಿನ ಸೀರೆ ಒಂದು ಗೆಲ್ಲಲಿ ಕಣ್ಲಾ, ನಿನ್ನ ಹೆಸ್ರಲ್ಲೇ ಮಾರ್ತೀನಿ" ಎಂದು ಯಜಮಾನರೇ ಬಾಯಿಬಿಟ್ಟು ಹೇಳಿದ್ದರು. ಸೀರೆ ಮಾರಾಟದಲ್ಲಿ ಗೆದ್ದಿತು. ಶ್ರಾವಣದಲ್ಲಿ ಅವರ ಅಳಿಯ ಶಾಂತಮೂರ್ತಿ ಹನೂರಿನಲ್ಲಿ ಅಂಗಡಿ ತೆರೆದಾಗ ಅದನ್ನು ಗಾಜಿನೊಳಗೆ ಇಳಿಬಿಟ್ಟಿದ್ದರು. ಕೆಳಗೆ ಹಿತ್ತಾಳೆಯ ಅಕ್ಷರ: ವಿನ್ಯಾಸ, ಶಾಂತಮೂರ್ತಿ. ಅಂಚು ಯಾವುದು, ಸೆರಗು ಯಾವುದು ಎಂಬುದಷ್ಟೇ ಶಾಂತಮೂರ್ತಿಗೆ ಗೊತ್ತಿತ್ತು.

"ಅಳಿಯ ಅಂದ್ಮ್ಯಾಕೆ ಒಂದ್ ಮರ್ವಾದೆ ಬ್ಯಾಡ್ವೇನ್ಲಾ" ಅಂದರು ಯಜಮಾನರು. "ನೀನು ಮನೆ ಮಗ. ಮನೆ ಮಗುಂಗೆ ಬೋರ್ಡ್ ಯಾಕೆ?"

"ಸರಿ ಬುಡಿ ಯಜಮಾನ್ರೇ" ಅಂದ ರಂಗನಾಥ. ಹಾಗೆ ಅನ್ನುವಾಗಲೇ ಅವನ ತೀರ್ಮಾನ ಆಗಿತ್ತು.

ದಾರಿಯನ್ನು ಯಜಮಾನರೇ ತೋರಿಸಿದರು. ಡಿಸೈನುಗಳೆಲ್ಲ ಒಂದೇ ಕಡೆ ಇರಬೇಕು, ಹನೂರಿನ ಅಂಗಡಿಯಿಂದಲೂ ಕಾಣಬೇಕು ಎಂದರು. ರಂಗನಾಥ ಇಟ್ಟಿಗೆಯಷ್ಟು ದೊಡ್ಡ ಕರಿ ಪೆಟ್ಟಿಗೆಯೊಂದನ್ನು ತಂದು, ಅವರ ಹಜಾರದ ಗೂಡಿನಲ್ಲಿ, ಇನ್ವರ್ಟರ್ ಪಕ್ಕ ಇಟ್ಟ. ಅದಕ್ಕೆ ಪರದೆ ಇಲ್ಲ, ಕೀಬೋರ್ಡ್ ಇಲ್ಲ. ಎಲ್ಲಿಂದಾದರೂ ಲ್ಯಾಪ್‌ಟಾಪಿನಲ್ಲಿ ಅದನ್ನು ತೆರೆದು, ಎದುರಿಗೇ ಕೂತಂತೆ ಕೆಲಸ ಮಾಡಬಹುದು. ಪರದೆ ಇಲ್ಲದಿದ್ದರೆ ಚಿತ್ರ ಸರಿಯಾಗಿ ಮೂಡುವುದಿಲ್ಲವೆಂದು, ಟಿವಿ ವೈರ್ ಸಿಕ್ಕಿಸುವ ಕಿಂಡಿಗೆ ಹೆಬ್ಬೆರಳಿನಷ್ಟು ಸುಳ್ಳು ಪ್ಲಗ್ಗೊಂದನ್ನು ತುರುಕಿದ. ಪೆಟ್ಟಿಗೆ ತನಗೊಂದು ಪರದೆ ಇದೆಯೆಂದು ನಂಬಿತು. ಆ ಮನೆಯಲ್ಲಿ ಅವನು ಮೊದಲು ಮೋಸ ಮಾಡಿದ್ದು ಅದಕ್ಕೆ.

"ಪಾಸ್‌ವರ್ಡ್ ನೀವೇ ಏಳಿ ಯಜಮಾನ್ರೇ."

"ನಂಗ್ಯಾಕ್ಲಾ? ನೀನೇ ಮಡೀಕೊ."

ಎರಡು ವಾರ, ದಿನಕ್ಕೆ ಇಪ್ಪತ್ತು ಮೂವತ್ತರಂತೆ, ಮುನ್ನೂರ ಹನ್ನೆರಡು ಡಿಸೈನುಗಳನ್ನೂ ತನ್ನ ಕಡೆಗೆ ಇಳಿಸಿಕೊಂಡ. ಕರೆಂಟು ಹೋಗಿ ಬಂದಾಗಲೆಲ್ಲ ಪೆಟ್ಟಿಗೆ ತಡವರಿಸುತ್ತದೆ ಎಂದು ಶಾಂತಮೂರ್ತಿಯ ಕಿವಿಗೆ ಹಾಕಿಟ್ಟ. ಇನ್ನೊಂದು ಕಾಪಿ ಬೇಡವೇ ಎಂದು ಅವನು ಕೇಳಿದ್ದಕ್ಕೆ, "ಅಬ್ಬ ಕಳೀಲಿ ಸಾ" ಎಂದ. ಉಳಿದದ್ದು ಅಳಿಸುವುದೊಂದೇ. ಅದಕ್ಕೆ ಆಯುಧಪೂಜೆಯ ದಿನವನ್ನು ಆರಿಸಿದ. ಅವತ್ತು ಮಗ್ಗ ಆಡುವುದಿಲ್ಲ, ಯಾರೂ ಕೆಲಸಕ್ಕೆ ಕೈ ಹಚ್ಚುವುದಿಲ್ಲ, ಡಿಸೈನು ಬೇಕೆಂದು ಯಾರೂ ಕೇಳುವುದಿಲ್ಲ. ಮಾರನೆಯ ದಿನ ಪೆಟ್ಟಿಗೆ ಸತ್ತಿದೆಯೆಂದು ಅವನನ್ನೇ ಕರೆಸುತ್ತಾರೆ. ಅವನೇ ಬಂದು ನೋಡಿ, ಆಗಲ್ಲ ಎಂದು ತಲೆಯಾಡಿಸುತ್ತಾನೆ. ಹೊಸ ಸೀರೆಗೆ ಅಂಚಿಲ್ಲದೆ ಅಳಿಯಂದಿರು ಆಗ ವಿನ್ಯಾಸ ಬರೆಯಲಿ.

ಹಬ್ಬಕ್ಕೆ ಯಳಂದೂರಿನ ತಂಗಿಯ ಮನೆಗೆ ಹೋಗುತ್ತೇನೆ ಎಂದಾಗ ಯಜಮಾನರು ಅವಳಿಗೆಂದು ಒಂದು ರೇಷ್ಮೆ ರವಿಕೆ ಕಣ ಕಟ್ಟಿಕೊಟ್ಟರು. ಅವನು ತೆಗೆದುಕೊಂಡ.

ಹಬ್ಬದ ಬೆಳಿಗ್ಗೆ ಹನ್ನೊಂದಕ್ಕೆ ತಂಗಿ ಪುಷ್ಪಳ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿದ. ಕೊಳ್ಳೇಗಾಲದ ಪೆಟ್ಟಿಗೆ ತೆರೆದುಕೊಂಡಿತು. ಚಿತ್ರ ಎಂದಿಗಿಂತ ಅಗಲವಾಗಿತ್ತು. ನೋಡಲು ಅನುಕೂಲವೇ ಆಯಿತು ಎಂದುಕೊಂಡ.

"ಅಬ್ಬದ್ ದಿನ್ವೂ ಅದನ್ನೇ ಕುಟ್ತಾ ಕುಂತಿದ್ದೀಯಲ್ಲಣ್ಣ" ಅಂದಳು ಪುಷ್ಪ, ಕುಂಕುಮದ ಬಟ್ಟಲು ಹಿಡಿದು. "ಇತ್ಲಾಗ್ ಕೊಡು, ಪೂಜೆಗಿಡವ. ನಿನ್ ಆಯುದ ಅದೇ ತಾನೇ?"

"ತಡಿಯವ್ವ, ಕತ್ತರ್ಸೋ ಕೆಲ್ಸ ಒಂದದೆ. ಮುಗುಸ್ಕೊಡ್ತೀನಿ."

ಅವಸರ ಮಾಡಲಿಲ್ಲ. ಒಂದೊಂದೇ ಫೋಲ್ಡರ್ ತೆರೆದ, ಒಮ್ಮೆ ನೋಡಿದ, ಅಳಿಸಿದ. ಹುಣಸೆ ಹೂವನ್ನು ಕೊನೆಗೆ ಇಟ್ಟುಕೊಂಡಿದ್ದ. ಅಳಿಸಿದ್ದನ್ನು ಯಾರೂ ಮತ್ತೆ ಹೊರತೆಗೆಯದಂತೆ ಅದರ ಮೇಲೆ ಕಸ ತುಂಬಿಸಿದ. ತಾನು ಬಂದು ಹೋದ ದಾಖಲೆಗಳನ್ನೂ ತೆಗೆದ. ಒಟ್ಟು ನಲವತ್ತು ನಿಮಿಷ. ಆಮೇಲೆ ಲ್ಯಾಪ್‌ಟಾಪನ್ನು ಪೂಜೆಗೆ ಕೊಟ್ಟು, ಕೈ ತೊಳೆದು, ಎರಡು ಒಬ್ಬಟ್ಟು ತಿಂದ.

ಮೂರನೆಯದಕ್ಕೆ ತುಪ್ಪ ಹಾಕಿಸಿಕೊಳ್ಳುವಾಗ ಮಗ್ಗದವರ ವಾಟ್ಸಾಪ್ ಗುಂಪಿಗೆ ಯಜಮಾನರ ಮಗಳು ನಾಗಶ್ರೀ ಹಾಕಿದ ವಿಡಿಯೋ ಬಂತು. ಪೆಟ್ಟಿಗೆ ಆ ಮನೆಗೆ ಬಂದ ಮೇಲೆ ಇದು ಮೊದಲ ಆಯುಧಪೂಜೆ ಎಂಬುದನ್ನು ಅವನು ಯೋಚಿಸಿರಲಿಲ್ಲ. "ಮುಖ ಇಲ್ದಿರೋ ಮಿಸನ್‌ಗೆ ಕುಂಕುಮ ಎಲ್ಲಿಗ್ ಇಕ್ಕದು? ಅದ್ಕೇ ಟಿವಿ ಕೊಟ್ಟೀವ್ನಿ" ಎನ್ನುತ್ತಿದ್ದಳು ನಾಗಶ್ರೀ. ಹಜಾರದ ದೊಡ್ಡ ಟಿವಿಗೆ ಸೇವಂತಿಗೆ ಹಾರ, ಅದರಿಂದ ಗೂಡಿನ ಪೆಟ್ಟಿಗೆಗೆ, ಸುಳ್ಳು ಪ್ಲಗ್ ಇದ್ದ ಕಿಂಡಿಗೆ, ವೈರ್. ಮಂಗಳಾರತಿಯ ಹಿಂದೆ ಪರದೆಯ ಮೇಲೆ ಬಾಣದ ಗುರುತು ತಾನೇ ತಾನಾಗಿ ಓಡಾಡುತ್ತಿತ್ತು. ಫೋಲ್ಡರ್ ತೆರೆಯಿತು, ಬರಿದಾಯಿತು. "ದೇವ್ರೇ ಮಿಸನ್ ನಡೆಸ್ತಾವ್ನೆ ಕಣ್ಲಾ" ಎಂದು ನೇಕಾರ ಬಸವಣ್ಣ ನಗುವುದು ಕೇಳಿತು. "ದೇವ್ರಲ್ಲ. ಮೂಲೇಲಿ ಎಸ್ರು ತೋರುಸ್ತದೆ, ಓದು" ಎಂದರು ಯಜಮಾನರು. ಯಾರು ಒಳಗಿದ್ದಾರೆಂದು ಪ್ರತಿ ಸಲವೂ ಅಲ್ಲಿ ತೋರಿಸುವ ಪಟ್ಟಿ ಅದು. ಓದಲು ಪರದೆಯೇ ಇಲ್ಲವೆಂದು ರಂಗನಾಥ ಅದನ್ನು ತೆಗೆದಿರಲಿಲ್ಲ. ಬಸವಣ್ಣ ಓದಿದ: ರಂಗನಾಥ. ನಗು ನಿಂತಿತು. ವೈರ್ ಕೀಳಲು ಶಾಂತಮೂರ್ತಿ ಎದ್ದ. "ಮುಟ್ಬ್ಯಾಡಿ ಅಳೀಮಯ್ಯ" ಎಂದರು ಯಜಮಾನರು. "ಬರ್ದೋನು ಅವ್ನೇ. ಅದೇನೇನ್ ಅಳಿಸ್ತಾನೋ ಎಲ್ರೂ ನೋಡವ." ಹುಣಸೆ ಹೂವು ಹೋಗುವವರೆಗೂ ಎಲ್ಲರೂ ನಿಂತು ನೋಡಿದರು. ರಂಗನಾಥ ವಿಡಿಯೋ ನಿಲ್ಲಿಸಿ ಹಜಾರದಲ್ಲಿದ್ದ ತಲೆಗಳನ್ನು ಎಣಿಸಿದ. ಇಪ್ಪತ್ತೆರಡು ಜನ. ಹನ್ನೊಂದು ವರ್ಷ. ಮುನ್ನೂರ ಹನ್ನೆರಡು ಡಿಸೈನು.