ಕೈಮೇಲೆ ಕೈಯಿಟ್ಟ ಮಾತು

"ತಗೊಳ್ಳಿ ಮೇಡಂ, ನಿಮ್ಮ ಕುರ್ಚಿ!"

ಕೆಂಪು ಪ್ಲಾಸ್ಟಿಕ್ ಕುರ್ಚಿಯೊಂದು ವಿಭಾಳ ಟೇಬಲ್ಲಿನ ಎದುರು ದಡಕ್ಕನೆ ಬಂದು ಕುಳಿತಿತು. ಹೊತ್ತು ತಂದವನು ಖಾಕಿ ಅಂಗಿಯ ಬಸ್ ಡ್ರೈವರ್. ಕುಮಟಾ ಬಸ್‌ಸ್ಟ್ಯಾಂಡಿನ ಎದುರಿದ್ದ ಆ ಪುಟ್ಟ ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ಸೊಂಟಕ್ಕೆ ಶಾಖ ತೆಗೆದುಕೊಳ್ಳುತ್ತಿದ್ದ ಇಬ್ಬರು, ನೋವು ಮರೆತು ಕತ್ತೆತ್ತಿ ನೋಡಿದರು.

"ಇದು ನಂದಲ್ಲ. ಯಾರು ನೀವು?" ವಿಭಾಳ ಹುಬ್ಬು ಗಂಟಿಕ್ಕಿತು.

"ಅಣ್ಣಪ್ಪ ಗೌಡ. ನಾಗು ಗೌಡ್ತಿ ಮಗ. ಆಷಾಢದಲ್ಲಿ ಗದ್ದೆ ಅಂಚಿನ ಮೇಲೆ ಜಾರಿಬಿದ್ದು ಮಂಡಿ ಪೆಟ್ಟಾಯ್ತು ಅಂತ ನನ್ನ ತಂಗಿ ಗಂಗಾ ಕರ್ಕಂಡು ಬಂದಿದ್ಲಲ್ಲ, ಅವಳೇ ನಮ್ಮ ಅವ್ವಿ. ಗದ್ದೆಗೆ ಇಳೀಬ್ಯಾಡಿ, ನೆಲದ ಮೇಲೆ ಕೂರಬ್ಯಾಡಿ ಅಂದೋರು ನೀವೇ ಅಲ್ವಾ? ಐದು ತಿಂಗಳಾತು! ಈ ಕುರ್ಚಿ ಬಿಟ್ಟು ಏಳೂದೇ ಇಲ್ಲ. ಊರಲ್ಲೆಲ್ಲ ಈರುಳ್ಳಿ ಸಸಿ ನೆಡೂಕೆ ಶುರು ಮಾಡಿದ್ರು. ಅವ್ವಿ ಕೂತಲ್ಲೇ ಕೂತದೆ."

ಓಹೋ... ವಿಷಯ ಇದು! ವಿಭಾಳಿಗೆ ರೇಗಿಹೋಯಿತು.

"ಅರವತ್ತು ದಾಟಿದ ಅಮ್ಮನನ್ನ ಗದ್ದೆಗಿಳಿಸಿ ದುಡಿಸಿಕೊಳ್ಳೋಕೆ ನಾಚಿಕೆ ಆಗೋದಿಲ್ವಾ ನಿಮಗೆ?"

ಅಣ್ಣಪ್ಪನ ಮುಖ ಸಣ್ಣದಾಯಿತು.

"ದುಡಿಸೂಕಲ್ಲ ಮೇಡಂ. ಅವ್ವಿ ಹಾಡೂದು ಬಿಟ್ಟದೆ. ಸಸಿ ನೆಡೂವಾಗ ಹಾಡು ತೆಗೆದ್ರೆ ನಾಕು ಗದ್ದೆ ಆಚೆ ಕೇಳ್ತಿತ್ತು. ಈಗ ಊಟಕ್ಕೆ ಬಾ ಅಂದ್ರೂ 'ಹೂಂ' ಅನ್ನೂದಿಲ್ಲ."

ಬಾಗಿಲ ತನಕ ಹೋದವನು ತಿರುಗಿದ. "ಮತ್ತೆ ನೀವು... ನೂರು ಮಾರು ದೂರದ ಹೋಟೆಲಿಗೂ ಸ್ಕೂಟಿ ಹತ್ತಿ ಹೋಗ್ತ್ರಿ. ದಿನಾ ಬಸ್ಸಿಂದ ಕಾಣ್ತೆ. ಹೇಳೂದು ಆಚಾರ, ತಿಂಬೂದು ಬದನೆಕಾಯಿ!"

ಸೊಂಟದ ಪೇಶಂಟೊಬ್ಬರು ಕಿಸಕ್ಕನೆ ನಕ್ಕರು. ವಿಭಾಳಿಗೆ ಅಳುವೇ ಬಂತು. ಸಿಟ್ಟಿನಲ್ಲಿ ನಾಗುವಿನ ಹಳೆಯ ಕಾರ್ಡು ಹುಡುಕಿ ತೆಗೆದಳು. ಕೊನೆಯ ಸಾಲು ಅವಳದೇ ಕೈಬರಹದಲ್ಲಿತ್ತು: 'ಆರು ವಾರದ ನಂತರ ನಾನೇ ಫೋನ್ ಮಾಡುವುದು.'

ಮಾಡಿರಲಿಲ್ಲ! ಮರೆತೇ ಹೋಗಿತ್ತು.

ಭಾನುವಾರ ಅವನು ಬಿಟ್ಟುಹೋದ ಕುರ್ಚಿಯನ್ನು ಸ್ಕೂಟಿಯ ಹಿಂದೆ ಕಟ್ಟಿಕೊಂಡು, ಕಾರ್ಡಿನಲ್ಲಿದ್ದ ವಿಳಾಸ ಹಿಡಿದು ಅಳ್ವೆಕೋಡಿಯ ಕಡೆ ಹೊರಟಳು. ಮನೆ ಸಿಕ್ಕಿತು. ಜಗಲಿಯ ಮೇಲೆ ನಾಗು ಕೂತಿದ್ದಳು... ನೀಲಿ ಕುರ್ಚಿಯಲ್ಲಿ! ಕೆಂಪು ಕುರ್ಚಿ ಹೋದ ದಿನವೇ ಪಕ್ಕದ ಮನೆಯಿಂದ ತರಿಸಿಕೊಂಡಿದ್ದಳಂತೆ. ಅಂಥ ಹಟ.

ವಿಭಾ ಕೆಳಗೆ ಕೂತು ಅವಳ ಕಾಲು ಮುಟ್ಟಿ ನೋಡಿದಳು. ಪಾದ ಊದಿತ್ತು. ಐವತ್ತು ವರ್ಷ ಕೆಸರು ತುಳಿದ ತೊಡೆಯ ಸ್ನಾಯು ಕರಗಿ ಜೋತುಬಿದ್ದಿತ್ತು. ಮಂಡಿ ಮಾತ್ರ ಯಾವಾಗಲೋ ಗುಣವಾಗಿತ್ತು.

"ಅಮ್ಮಾ, ಆರು ವಾರ ಸಾಕಿತ್ತಲ್ಲ! ಯಾಕೆ ಏಳಲಿಲ್ಲ?"

"ಭಾಷೆ ಕೊಟ್ಟಿದ್ನಲ್ರಾ ಡಾಕ್ಟ್ರಮ್ಮ," ನಾಗು ಮೆಲ್ಲಗೆ ಹೇಳಿದಳು. "ನಾ ಹೇಳೂವರೆಗೂ ಗದ್ದೆಗೆ ಇಳೀಬ್ಯಾಡಿ, ನೆಲದ ಮೇಲೆ ಕೂರಬ್ಯಾಡಿ ಅಂತ ನೀವು ಕೈ ಚಾಚಿದ್ರಿ. ನಾ ಕೈಮೇಲೆ ಕೈ ಇಟ್ಟೆ. ಇಸ್ಕಂಡೋರೇ ಬಂದು ಬಿಡಿಸ್ಬೇಕು. ನಾನಾಗಿ ಮುರಿದ್ರೆ ಕೇಡು ನಿಮ್ಗೇ ತಟ್ತದೆ. ಇನ್ನೂ ಮದಿ ಆಗಿ ಗಂಡನ ಮನೆಗೆ ಹೋಗೂ ಹುಡುಗಿ ನೀವು..."

ಎಲ್ಲ ಪೇಶಂಟುಗಳ ಎದುರೂ ವಿಭಾ ಹೀಗೆ ಕೈ ಚಾಚುತ್ತಿದ್ದಳು, ನಗುನಗುತ್ತ, ತಮಾಷೆಗೆ. ಈ ಹೆಂಗಸು ಆ ತಮಾಷೆಗಾಗಿ ಐದು ತಿಂಗಳು ಮಣ್ಣು ಮುಟ್ಟಿರಲಿಲ್ಲ. ಅದೂ ವಿಭಾಳಿಗೆ ಕೆಟ್ಟದಾಗಬಾರದು ಅಂತ!

"ಮಗನಿಗಾದ್ರೂ ಹೇಳಬಾರದಿತ್ತಾ?"

"ಹೇಳಿದ್ರೆ ನಿಮ್ಮ ಮೇಲೆ ಹಾರಿ ಬೀಳೂನು. ಹೇಳ್ದೇ ಇದ್ರೂ ಹಾರಿ ಬಿದ್ದ, ಕಾಣಿ!"

ವಿಭಾಳ ಕಣ್ಣು ತುಂಬಿತು. ನಾಗುವಿನ ಒರಟು ಅಂಗೈ ಮೇಲೆ ತನ್ನ ಕೈಯಿಟ್ಟಳು. "ಬಿಟ್ಟೆ ಅಮ್ಮಾ. ನಿಮ್ಮ ಭಾಷೆ ಬಿಟ್ಟೆ. ನನ್ನ ಕ್ಷಮಿಸಿ."

ಬಾವಿಕಟ್ಟೆಯ ಹತ್ತಿರ ಕೊಡ ಹಿಡಿದು ನಿಂತಿದ್ದ ಅಣ್ಣಪ್ಪ ಎಲ್ಲವನ್ನೂ ಕೇಳಿಸಿಕೊಂಡಿದ್ದ.

"ತಪ್ಪು ನಂದು," ಅಂದಳು ವಿಭಾ, ಅವನ ಕಡೆ ನೋಡಲಾಗದೆ.

"ನಾನೂ ಬಾಯಿಗೆ ಬಂದಂಗೆ ಅಂದೆ ಮೇಡಂ," ಅಂದ ಅವನು. ಮತ್ತೆ ತಡೆಯಲಾಗದೆ, "ಆದ್ರೆ ಸ್ಕೂಟಿ ವಿಷಯ ಖರೇ!"

ಅಳುತ್ತಿದ್ದವಳಿಗೆ ನಗು ಬಂದುಬಿಟ್ಟಿತು.

ಭಾಷೆ ಬಿಟ್ಟಿತೆಂದು ಕಾಲು ಕೇಳಬೇಕಲ್ಲ? ಎದ್ದು ನಿಂತ ನಾಗು ಗಡಗಡ ನಡುಗಿ ಮತ್ತೆ ಕೂತಳು. ಹೀಗೇ ಇನ್ನೊಂದು ಮಳೆಗಾಲ ಕಳೆದರೆ ಇವಳು ಏಳುವುದೇ ಇಲ್ಲ ಎಂದು ವಿಭಾಳಿಗೆ ಗೊತ್ತಿತ್ತು. ದಿನವೂ ಸಂಜೆ ಬರತೊಡಗಿದಳು. ಅಣ್ಣಪ್ಪ ಒಂದು ಷರತ್ತು ಹಾಕಿದ: ಅವ್ವಿ ಎಷ್ಟು ಹೆಜ್ಜೆ ಇಡುತ್ತಾಳೋ ಡಾಕ್ಟ್ರಮ್ಮನೂ ಅಷ್ಟು ಇಡಬೇಕು, ಬರಿಗಾಲಲ್ಲಿ!

ಮೊದಲ ವಾರ ದಾಸವಾಳದ ಗಿಡದ ತನಕ. ಎರಡನೇ ವಾರ ಬಾವಿಕಟ್ಟೆ. ಗಂಗಾ ನೆಟ್ಟಿದ್ದ ಈರುಳ್ಳಿ ಸಾಲಿಗೆ ಬರುವಷ್ಟರಲ್ಲಿ ಸಂಕ್ರಾಂತಿ ಕಳೆದಿತ್ತು. ರಬ್ಬರ್ ಪಟ್ಟಿ ಎಳೆಯಿರಿ ಎಂದರೆ ಮುಖ ತಿರುಗಿಸುತ್ತಿದ್ದ ನಾಗು, ಅರ್ಧ ಕೊಡ ನೀರು ಕೊಟ್ಟರೆ ಸಾಲಿನ ಕೊನೆಯವರೆಗೂ ಹೋಗುತ್ತಿದ್ದಳು. ಹಸಿವು ಬಂತು. ನಿದ್ದೆ ಬಂತು. ಸೊಸೆ ತಂದಿಲ್ಲವೆಂದು ಮಗನಿಗೆ ಬೈಯುವ ಶಕ್ತಿಯೂ ಬಂತು.

ವಿಭಾ ವ್ಯಾಯಾಮದ ಚಾರ್ಟು ಹರಿದು ಹಾಕಿದಳು. ಕಳೆ ಕೀಳುವುದು, ನೀರು ಹೊರುವುದು, ಅಂಚಿನ ಮೇಲೆ ಸಮತೋಲ ಹಿಡಿದು ನಡೆಯುವುದು... ತಾನು ಕಲಿಸಬೇಕಿದ್ದದ್ದೆಲ್ಲ ಈ ಗದ್ದೆಯಲ್ಲೇ ಇತ್ತು!

ಆ ಡ್ರೈವರ್ ಸಾಹೇಬರ ಬೆನ್ನೂ ಸರಿಯಿಲ್ಲ ಎಂದು ಅವಳು ಕಂಡುಹಿಡಿದಿದ್ದಳು. "ಹೊನ್ನಾವರದಲ್ಲಿ, ಭಟ್ಕಳದಲ್ಲಿ ಬಸ್ ನಿಂತಾಗ ಇಳಿದು ನಾಲ್ಕು ಸುತ್ತು ಹಾಕಿ," ಎಂದಳು. ಹಾಕಿದ. ಹಾಕಿದೆನೆಂದು ದಿನಾ ಫೋನಿನಲ್ಲಿ ಹೇಳಿಯೂ ಹೇಳಿದ. ಬೆನ್ನುನೋವಿಗೆ ಇಷ್ಟೊಂದು ಫೋನ್ ಬೇಕಾ? ನೀವೇ ಹೇಳಿ!

ಒಂದು ಸಂಜೆ ಧಾರೇಶ್ವರದ ಸಮುದ್ರದಂಡೆಗೆ ಕರೆದುಕೊಂಡು ಹೋದ. ವಿಭಾ ಮರಳಿಗೆ ಕಾಲಿಡದೆ ನಿಂತಳು.

"ಎಂತ ಆತು?"

"ಕಾಲೇಜಿನಲ್ಲಿದ್ದಾಗ ದಿನಾ ಇಲ್ಲಿ ಓಡ್ತಿದ್ದೆ. ಆರು ವರ್ಷದ ಹಿಂದೆ ನಿಶ್ಚಯ ಆಗಿತ್ತು. 'ಹುಡುಗಿ ಬೀಚಿನಲ್ಲಿ ಓಡ್ತಾಳಂತೆ' ಅಂತ ಗಂಡಿನ ಕಡೆಯವರು ಬೇಡ ಅಂದ್ರು. ಅವತ್ತಿನಿಂದ... ಇಲ್ಲಿಗೆ ಬಂದಿಲ್ಲ."

ಅಯ್ಯೋ ಪಾಪ ಎಂದು ಅವನು ಹೇಳಲಿಲ್ಲ. ಬಗ್ಗಿ ಕೈ ಚಾಚಿದ.

"ಚಪ್ಪಲಿ ಕೊಡಿ. ನಾ ಕಾಯ್ತೆ. ನೀವು ಓಡಿ."

ಅವಳು ಓಡಿದಳು! ಏದುಸಿರು ಬಂತು, ಪಕ್ಕೆ ಹಿಡಿಯಿತು, ಆದರೂ ಓಡಿದಳು. ತಿರುಗಿ ನೋಡಿದರೆ ಖಾಕಿ ಅಂಗಿಯವನು ಎರಡೂ ಚಪ್ಪಲಿ ಎದೆಗೊತ್ತಿ ಹಿಡಿದು ನಿಂತಿದ್ದ. ಇವನನ್ನು ನಾನು ಪ್ರೀತಿಸುತ್ತಿದ್ದೇನೆ... ವಿಭಾಳಿಗೆ ಆ ಕ್ಷಣವೇ ತಿಳಿಯಿತು.

ಆದರೆ ಹೋಳಿಯ ಮುನ್ನಾದಿನ ಅವನೇ, "ಅವ್ವಿ ಈಗ ಅಡ್ಡಿಲ್ಲ, ಆರಾಮ ಅದೆ. ನೀವು ದಿನಾ ಬರೂ ತ್ರಾಸ ಬ್ಯಾಡ," ಎಂದ. ಅವಳಿಗೆ ಕಷ್ಟವಾಗದಿರಲೆಂದು ಹೇಳಿದ ಮಾತು. ಅವಳ ಎದೆಗೆ ಮಾತ್ರ ಬಾಗಿಲು ಹಾಕಿದಂತೆ ಕೇಳಿಸಿತು. ಸುಮ್ಮನೆ ತಲೆಯಾಡಿಸಿ ಹೊರಟುಹೋದಳು. ಎರಡು ವಾರ ಹೋಗಲಿಲ್ಲ, ಫೋನೂ ಎತ್ತಲಿಲ್ಲ. ಹೋಟೆಲಿಗೆ ಮಾತ್ರ ನಡೆದೇ ಹೋದಳು.

ಕೊನೆಗೆ ಗಂಗಾಳ ಫೋನ್ ಬಂತು. "ಈರುಳ್ಳಿ ಕೀಳೂಕೆ ಶುರು ಮಾಡಿದ್ರು. ನೀವು ಬರದಿದ್ರೆ ಅವ್ವಿ ಮತ್ತೆ ಕುರ್ಚಿ ಹಿಡೀತದಂತೆ!"

ವಿಭಾ ಗದ್ದೆಯಂಚಿಗೆ ಬರುವಾಗಲೇ ಹಾಡು ಕೇಳಿಸಿತು. ನಾಲ್ಕು ಗದ್ದೆ ಆಚೆಗೆ ಕೇಳಿಸುವ ಹಾಡು! ತಗ್ಗು ಮಣೆಯ ಮೇಲೆ ಕೂತು, ಈರುಳ್ಳಿಯ ಸೊಪ್ಪನ್ನು ಜಡೆಯಂತೆ ಹೆಣೆಯುತ್ತ ನಾಗು ಹಾಡುತ್ತಿದ್ದಳು. ಕೆಲಸಕ್ಕೆ ಬಂದವರ ಹೆಸರನ್ನು ಹಾಡಿಗೆ ಸೇರಿಸುವುದು ಅವರ ರೂಢಿ. ಗಂಗಾಳ ಹೆಸರು ಬಂತು. ಅಣ್ಣಪ್ಪನ ಹೆಸರು ಬಂತು. ಅದರ ಜೋಡಿಗೆ, ಗಂಡನ ಹೆಸರಿನ ಪಕ್ಕ ಹೆಂಡತಿಯ ಹೆಸರು ಬರುವ ಕಡೆ, ವಿಭಾಳ ಹೆಸರು ಬಂತು!

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಅಣ್ಣಪ್ಪ ಈರುಳ್ಳಿ ಕೈಬಿಟ್ಟು ಅವಳ ಹತ್ತಿರ ಬಂದ.

"ಅವ್ವಿ ಹಾಡಿದ್ದಕ್ಕೆ ಬೇಜಾರು ಮಾಡ್ಕಬ್ಯಾಡಿ..."

"ಬೇಜಾರಿಲ್ಲ. ನೀವು ಬರಬೇಡಿ ಅಂದ್ರಲ್ಲ, ಅದಕ್ಕೆ ಬೇಜಾರು."

"ತ್ರಾಸ ಬ್ಯಾಡ ಅಂದೆ. ಬರೂದೇ ಬ್ಯಾಡ ಅಂದ್ನಾ? ನೀವು ಬರದೇ ಹೋದ್ಮೇಲೆ ಭಟ್ಕಳದಲ್ಲಿ ಬಸ್ಸಿಂದ ಇಳಿಯೂಕೂ ಮನಸ್ಸಾಗ್ಲಿಲ್ಲ. ನಿಮ್ಮನ್ನ ಬಿಟ್ಟಿರೂಕೆ ನನ್ನತ್ರ ಆಗೂದಿಲ್ಲ ವಿಭಾ."

ಮೊದಲ ಸಲ ಹೆಸರು ಹಿಡಿದು ಕರೆದಿದ್ದ. ವಿಭಾಳ ಕಣ್ಣಲ್ಲಿ ನೀರು, ತುಟಿಯಲ್ಲಿ ನಗು.

"ನನಗೂ ಆಗೋದಿಲ್ಲ. ಇನ್ನು ದಿನಾ ಸಂಜೆ ಜೊತೆಗೇ ನಡೆಯೋದು. ಭಾಷೆ ಕೊಡಿ."

ಈ ಸಲ ತಮಾಷೆಗಲ್ಲ. ಅವಳು ಚಾಚಿದ ಅಂಗೈ ಮೇಲೆ ಅವನು ಮಣ್ಣು ಮೆತ್ತಿದ ಕೈಯಿಟ್ಟ.

"ಎಷ್ಟು ವಾರ ಡಾಕ್ಟ್ರಮ್ಮ?"

"ಕಾರ್ಡಿನಲ್ಲಿ ಬರೆಯೋದಿಲ್ಲ."

"ಮತ್ತೆ ಫೋನ್ ಮಾಡೂದು ಮರೆತ್ರೆ?"

"ಫೋನ್ ಮಾಡುವಷ್ಟು ದೂರ ನಾನು ಹೋದರೆ ತಾನೆ!"