ಅಜ್ಜಿಯ ಜೊತೆ ನೀನಾ ನಾನಾ

“ಎರಡು!” ಅಂದಳು ಇಂಚರ.

ಮಂಚದ ಮೇಲಿದ್ದ ಚೌಕಾಬಾರದ ರಟ್ಟನ್ನು ನೋಡಿದಳು. ಸರಿಯಾಗಿ ಎರಡು ಮನೆ ಮುಂದೆ ಕಾತ್ಯಾಯಿನಿ ಅಜ್ಜಿಯ ಕಾಯಿ ಕೂತಿತ್ತು. ಕಡಿದರೆ ಅದು ಮತ್ತೆ ಮೊದಲಿಂದ ಹೊರಡಬೇಕು.

ಪಾಪ ಅಜ್ಜಿ! ಮಂಡಿ ಆಪರೇಷನ್ ಆಗಿ ಒಂದು ತಿಂಗಳಾಯಿತು. ಜಯನಗರದ ಪಾರ್ಕಿಲ್ಲ, ಗೆಳತಿ ಅಂಜನಮ್ಮನ ಜೊತೆ ಹರಟೆ ಇಲ್ಲ, ನಗುವಂತೂ ಇಲ್ಲವೇ ಇಲ್ಲ. ಇವತ್ತಾದರೂ ಅಜ್ಜಿ ಗೆದ್ದು ನಗಲಿ ಎಂದು ಇಂಚರಳಿಗೆ ತುಂಬಾ ಆಸೆ.

ಅವಳು ಮೆಲ್ಲಗೆ ಬೇರೆ ಕಾಯಿ ನಡೆಸಿದಳು.

ಅಜ್ಜಿ ಕವಡೆ ಮುಟ್ಟಲಿಲ್ಲ.

“ಏನೇ ಇದು? ಒಂದು ಕಾಯೀನಾದ್ರೂ ಕಡೀದೆ ಒಳಗಿನ ಮನೆಗೆ ಹೋಗೋ ಹಾಗಿಲ್ಲ ಅಂತ ಗೊತ್ತು ತಾನೆ? ಆಗ್ಲಿಂದ ಬರೀ ಹೊರಗೇ ಸುತ್ತಾ ಇದ್ದೀಯ. ಮೂರು ಸಲ ಚಾನ್ಸ್ ಬಂದಿತ್ತು!”

“ನೋಡ್ಲಿಲ್ಲ ಅಜ್ಜಿ...”

“ಸುಳ್ಳು ಹೇಳ್ಬೇಡ. ನಂಗೆ ಆಪರೇಷನ್ ಆಗಿರೋದು ಮಂಡಿಗೆ ಕಣೇ, ಕಣ್ಣಿಗಲ್ಲ!”

ಇಂಚರ ತಲೆ ತಗ್ಗಿಸಿದಳು. “ನೀನು ಗೆಲ್ಲಲಿ ಅಂತ...”

“ಹೀಗೆ ಗೆದ್ದು ನಾನೇನು ಉಪ್ಪಿನಕಾಯಿ ಹಾಕ್ಕೊಳ್ಲಾ? ಆಟ ಅಂದ್ರೆ ನೀನಾ ನಾನಾ ಅಂತಿರ್ಬೇಕು.”

“ಹಂಗಂದ್ರೆ?”

“ಕೊನೇ ಸಲ ಕವಡೆ ಬೀಳೋವರೆಗೂ ಯಾರು ಗೆಲ್ತಾರೆ ಅಂತ ನಿಂಗೂ ಗೊತ್ತಾಗ್ಬಾರ್ದು, ನಂಗೂ ಗೊತ್ತಾಗ್ಬಾರ್ದು. ತೆಗಿ, ಹೊಸ ಆಟ!”

ಈ ಸಲ ಇಂಚರ ಮುಲಾಜು ನೋಡಲಿಲ್ಲ. ಸಿಕ್ಕಿದ ಮೊದಲ ಕಾಯಿಯನ್ನೇ ಟಕ್ಕಂತ ಕಡಿದಳು. “ಅಯ್ಯೋ ಕಳ್ಳಿ!” ಎಂದು ಕೂಗಿದ ಅಜ್ಜಿ ಮುಂದಿನ ಸುತ್ತಿನಲ್ಲೇ ಸೇಡು ತೀರಿಸಿಕೊಂಡರು. ಕಡಿದಾಟ ಜೋರಾಯಿತು. ಕೊನೆಗೆ ಇಬ್ಬರದೂ ಮೂರು ಮೂರು ಕಾಯಿ ಹಣ್ಣಾಗಿ ನಡುಮನೆ ಸೇರಿದವು. ಉಳಿದದ್ದು ಒಂದೊಂದೇ. ಗೆಲ್ಲಲು ಇಂಚರಳಿಗೆ ಮೂರು ಬೀಳಬೇಕು, ಅಜ್ಜಿಗೆ ಒಂದು.

ಆಗಷ್ಟೇ ಆಫೀಸಿನಿಂದ ಬಂದ ಅಪ್ಪ ಇಣುಕಿದರು. “ಯಾರು ಗೆಲ್ತಾ ಇರೋದು?”

“ಶ್! ನೀನಾ ನಾನಾ ಅಂತಿದೆ ಅಪ್ಪಾ. ಡಿಸ್ಟರ್ಬ್ ಮಾಡ್ಬೇಡ!”

ಇಂಚರ ಕವಡೆ ಕುಲುಕಿ ಹಾಕಿದಳು. ಎರಡು. ಛೇ!

ಅಜ್ಜಿ ಉಫ್ ಅಂತ ಊದಿ ಹಾಕಿದರು. ಒಂದು!

“ಗೆದ್ದೆ! ಗೆದ್ದುಬಿಟ್ಟೆ ಕಣೋ ಮಾಧವಾ!” ಎಂದು ಅಪ್ಪನಿಗೆ ಹೇಳುತ್ತಾ ಅಜ್ಜಿ ಮಂಚ ಅಲುಗುವ ಹಾಗೆ ನಕ್ಕರು. ಕಣ್ಣಲ್ಲಿ ನೀರು ಬಂದರೂ ನಗು ನಿಲ್ಲಲಿಲ್ಲ.

ಇಂಚರಳಿಗೆ ಸಿಟ್ಟು ಬಂತು. ಇನ್ನೊಂದೇ ಒಂದು ಸುತ್ತು ಸಿಕ್ಕಿದ್ದರೆ ತಾನೇ ಗೆಲ್ಲುತ್ತಿದ್ದಳು! ಮುಖ ಊದಿಸಿಕೊಂಡು ಅಜ್ಜಿಯನ್ನು ನೋಡಿದಳು. ಬಿಟ್ಟುಕೊಟ್ಟಾಗ ಒಂದು ಸಲವೂ ಬಾರದಿದ್ದ ನಗು ಅದು. ನೋಡುತ್ತಾ ನೋಡುತ್ತಾ ಅವಳಿಗೂ ನಗು ಬಂದುಬಿಟ್ಟಿತು.

“ಇನ್ನೊಂದಾಟ ಅಜ್ಜಿ,” ಎಂದು ಕವಡೆ ಬಾಚಿಕೊಂಡಳು. “ಈ ಸಲ ನಿನ್ನ ಒಂದು ಕಾಯೀನೂ ಉಳಿಸಲ್ಲ, ನೋಡ್ತಿರು!”