ಮೊದಲು ನನಗೆ ಹೇಳಬೇಕಿತ್ತು

"ಯಾರ್ರೀ ನನ್ನ ಪ್ಲ್ಯಾನ್ ಅಳಿಸಿ ಹಾಕಿದ್ದು?!"

ಹೇಮಶ್ರೀಯ ಕೂಗಿಗೆ ಕಿಟಕಿಯಾಚೆ ವೆಲ್ಡಿಂಗ್ ಮಾಡುತ್ತಿದ್ದವರೂ ಕೈ ನಿಲ್ಲಿಸಿ ನೋಡಿದರು.

ನಿನ್ನೆ ಸಂಜೆ ಅವಳ ಕಂಪ್ಯೂಟರ್ ಪರದೆಯ ಮೇಲೆ ಇಡೀ ಮಷೀನ್ ಇತ್ತು. ಈಗ ಒಂದೇ ಒಂದು ಶಾಫ್ಟ್ ದಿಕ್ಕಿಲ್ಲದ ಹಾಗೆ ತೇಲುತ್ತಿದೆ! ಎಷ್ಟು ವಾರಗಳ ಕೆಲಸ... ಅವಳ ಕಣ್ಣು ತುಂಬಿಕೊಂಡಿತು.

ಕಡೂರಿನ ಹೊರಗೆ ಬೀರೂರು ರಸ್ತೆಯಲ್ಲಿರುವ ಆ ಸಣ್ಣ ಕಾರ್ಖಾನೆಯಲ್ಲಿ ತೆಂಗಿನಕಾಯಿ ಸುಲಿಯುವ ಮಷೀನ್ ತಯಾರಾಗುತ್ತದೆ. ಯಾವ ಭಾಗವನ್ನು ಮೊದಲು ಕೂರಿಸಬೇಕು, ಯಾವುದನ್ನು ಆಮೇಲೆ, ಎಲ್ಲಿ ಯಾವ ಸ್ಪ್ಯಾನರ್ ಬೇಕು ಎಂದು ಸಾಫ್ಟ್‌ವೇರ್‌ನಲ್ಲಿ ಹಂತ ಹಂತವಾಗಿ ಪ್ಲ್ಯಾನ್ ಮಾಡುವುದು ಹೇಮಶ್ರೀಯ ಕೆಲಸ. ಪಂಚನಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುವ ಈ ಹುಡುಗಿಗೆ ಆ ಕೆಲಸವೆಂದರೆ ಪ್ರಾಣ.

"ನಾನೇ ಕಣ್ರೀ. ಆದ್ರೆ ಅಳಿಸಿಲ್ಲ."

ಬಾಗಿಲಲ್ಲಿ ಒಬ್ಬ ಎತ್ತರದ ಹುಡುಗ ನಿಂತಿದ್ದ. ಅವನ ಕೈಗೆಲ್ಲ ಗ್ರೀಸ್ ಮೆತ್ತಿತ್ತು.

"ನೀವ್ಯಾರ್ರೀ ನನ್ನ ಕಂಪ್ಯೂಟರ್ ಮುಟ್ಟೋಕೆ?"

"ದುಶ್ಯಂತ್ ಅಂತ. ಇವತ್ತಿಂದ ಅಸೆಂಬ್ಲಿ ಶೆಡ್ ನಂದೇ. ಸರ್ ಪ್ಲ್ಯಾನ್ ನೋಡ್ಕೊಳ್ಳಿ ಅಂದ್ರು. ಇಡೀ ಮಷೀನ್ ಲೋಡ್ ಮಾಡಿದ್ರೆ ಕಂಪ್ಯೂಟರ್ ತೆವಳ್ತಿತ್ತು. ಅದಕ್ಕೆ ಶಾಫ್ಟ್ ಒಂದನ್ನೇ ಇಟ್ಕೊಂಡು ಮಿಕ್ಕಿದ್ದೆಲ್ಲ ಪರದೆಯಿಂದ ಇಳಿಸ್ದೆ. ಹಂಗೇ ಸೇವ್ ಮಾಡ್ಬಿಟ್ಟೆ... ಅದು ತಪ್ಪು, ಒಪ್ಕೊತೀನಿ."

ಅವನು ಬಗ್ಗಿ ಗ್ರೀಸ್ ಇಲ್ಲದ ಕಿರುಬೆರಳಿನಿಂದ ಮೌಸ್ ಒತ್ತಿದ. ಚಾಸಿ ಬಂತು. ಮೋಟಾರ್ ಬಂತು. ಹಲ್ಲು ಹಲ್ಲಿನ ಎರಡು ರೋಲರ್ ಬಂದವು. ಎಲ್ಲವೂ ತಮ್ಮ ತಮ್ಮ ಜಾಗದಲ್ಲಿ!

ಹೇಮಶ್ರೀಗೆ ನಾಚಿಕೆಯಾಯಿತು. ಇನ್ನೊಂದು ಕಡೆ ಕೋಪ. ಇನ್ನೂ ಒಂದು ಕಡೆ... ಅದೇನೆಂದು ಅವಳಿಗೆ ತಿಳಿಯಲಿಲ್ಲ.

"ಮೊದಲೇ ಹೇಳೋಕೇನಾಗಿತ್ತು?" ಎಂದು ಗೊಣಗಿದಳು.

"ನೀವು ಕೂಗೋದು ನಿಲ್ಸಿದ್ರೆ ತಾನೇ ಹೇಳೋದು!"

ಅವಳು ನಗಬಾರದೆಂದುಕೊಂಡಳು. ಆದರೂ ನಗು ಬಂದೇಬಿಟ್ಟಿತು.

ಆಮೇಲಿನ ದಿನಗಳು ಎಷ್ಟು ಚೆನ್ನಾಗಿದ್ದವು! ದುಶ್ಯಂತ್ ಶೆಡ್‌ನಿಂದ ಬಂದು ಅವಳ ಪಕ್ಕ ಕುರ್ಚಿ ಎಳೆದುಕೊಳ್ಳುತ್ತಿದ್ದ. ಹಿಂದಿನ ಕೆಲಸದಲ್ಲಿ ಅವನು ಇಂಥದೇ ಸಾಫ್ಟ್‌ವೇರ್ ಬಳಸಿದ್ದ.

"ಪ್ರತಿ ಹಂತಕ್ಕೂ ಇಡೀ ಮಷೀನ್ ಯಾಕೆ? ಆ ಕೆಲಸ ನಡೆಯೋ ಜಾಗದ ಸುತ್ತ ಆಗ್ಲೇ ಏನೇನು ಕೂತಿರುತ್ತೋ ಅಷ್ಟೇ ಲೋಡ್ ಮಾಡಿ. ಅದಕ್ಕೇ ಕಾಂಟೆಕ್ಸ್ಟ್ ಅನ್ನೋದು. ಆ ಹಂತದ ಜೊತೆಗೇ ಸೇವ್ ಮಾಡಿಟ್ರೆ, ನಾಳೆ ಯಾರು ತೆಗೆದ್ರೂ ಅದೇ ಕಾಣುತ್ತೆ."

"ಕಡಿಮೆ ಇದ್ದಷ್ಟೂ ಕಂಪ್ಯೂಟರ್ ಬೇಗ ಓಡುತ್ತೆ. ಅಲ್ವಾ?"

"ಹೂಂ ಕಣ್ರೀ!"

ಅವಳು ಬಹಳ ಬೇಗ ಕಲಿತಳು. ಮಧ್ಯಾಹ್ನ ಇಬ್ಬರ ಡಬ್ಬಿಯೂ ಒಂದೇ ಮೇಜಿನ ಮೇಲೆ ತೆರೆದುಕೊಳ್ಳತೊಡಗಿತು. ಅವಳ ಹುಚ್ಚೆಳ್ಳು ಚಟ್ನಿಗೆ ಅವನು ಸೋತ. ಅವನ ಮಾತಿಗೆ ಇವಳು ಸೋತಳು. ಆದರೆ ಇಬ್ಬರೂ ಬಾಯಿ ಬಿಡಲಿಲ್ಲ.

ಹೊಸ ಮಾಡೆಲ್‌ನ ಪ್ಲ್ಯಾನ್ ಮುಗಿಯಿತು. ಮಾಲೀಕರಾದ ವಿಶ್ವಾರಾಧ್ಯರ ಮುಂದೆ ಹೇಮಶ್ರೀ ಒಂದೊಂದೇ ಹಂತ ತೋರಿಸುತ್ತ ಹೋದಳು. ಎಲ್ಲರೂ ತಲೆದೂಗುತ್ತಿದ್ದರು. ಕೊನೆಯ ಹಂತವೆಂದರೆ, ಮಷೀನ್ ಒಮ್ಮೆ ಓಡಿಸಿ ನೋಡಿದ ಮೇಲೆ ರೋಲರ್ ಬೋಲ್ಟ್‌ಗಳನ್ನು ಮತ್ತೆ ಬಿಗಿಯುವುದು. ಪರದೆಯ ಮೇಲೆ ಸ್ಪ್ಯಾನರ್ ಸಲೀಸಾಗಿ ಸುತ್ತಿತು.

"ನಿಲ್ಸಿ!"

ದುಶ್ಯಂತ್ ಎದ್ದು ನಿಂತಿದ್ದ. ಅವನ ಮುಖ ಬಿಳಿಚಿಕೊಂಡಿತ್ತು.

"ಇಲ್ಲಿ ಗಾರ್ಡ್ ಎಲ್ಲಿ? ಈ ಹೊತ್ತಿಗೆ ಕೈ ಸಿಗದ ಹಂಗೆ ರೋಲರ್ ಮುಚ್ಚೋ ಗಾರ್ಡ್ ಕೂತಿರಬೇಕು. ಈ ಹಂತದ ಕಾಂಟೆಕ್ಸ್ಟಲ್ಲಿ ಅದೇ ಇಲ್ಲ!"

ಅವನೇ ಬಂದು ಗಾರ್ಡ್ ಲೋಡ್ ಮಾಡಿದ. ಸ್ಪ್ಯಾನರ್ ಹೋಗಿ ಅದಕ್ಕೆ ಬಡಿಯಿತು. ಪರದೆಯ ಮೇಲೆ ಕೆಂಪು ಬಣ್ಣ.

"ಗಾರ್ಡ್ ಬಿಚ್ಚದೆ ಬೋಲ್ಟ್ ಬಿಗಿಯೋಕೆ ಆಗಲ್ಲ ಸರ್. ಈ ಪ್ಲ್ಯಾನ್ ಇಟ್ಕೊಂಡು ನಾನು ಒಂದು ಮಷೀನೂ ಕಟ್ಟಲ್ಲ!"

ಹೇಮಶ್ರೀಯ ಕೆನ್ನೆ ಸುಡುತ್ತಿತ್ತು.

ಹೊರಗೆ ಬಂದವಳನ್ನು ಅವನು ಹಿಂಬಾಲಿಸಿದ. "ಹೇಮಶ್ರೀ, ಒಂದ್ನಿಮಿಷ..."

"ಕಡಿಮೆ ಲೋಡ್ ಮಾಡಿ ಅಂದೋರು ನೀವೇ! ತಪ್ಪಿದ್ರೆ ಮೊದಲು ನನಗೆ ಹೇಳಬೇಕಿತ್ತು. ಎಲ್ಲರ ಮುಂದೆ ಹಂಗೆ ಕೂಗೋದಾ?"

"ನಂಗೂ ಆಗ್ಲೇ ಕಣ್ಣಿಗೆ ಬಿದ್ದಿದ್ದು. ತಡ್ಕೊಳ್ಳೋಕೆ ಆಗ್ಲಿಲ್ಲ..."

"ಬೇಡ. ಇನ್ಮೇಲೆ ಕೆಲಸ ಬಿಟ್ಟು ಬೇರೆ ಮಾತೇ ಬೇಡ."

ಬಸ್ಸಿನ ಕಿಟಕಿಗೆ ತಲೆಯಾನಿಸಿದವಳ ಮನಸ್ಸು ಕುದಿಯುತ್ತಿತ್ತು. 'ಜೊತೆಗೆ ಕೂತು ಉಂಡಿದ್ದು, ನಕ್ಕಿದ್ದು ಎಲ್ಲ ಇದಕ್ಕೇನಾ? ನನ್ನ ಸಣ್ಣವಳು ಮಾಡಿ ತಾನು ದೊಡ್ಡವನಾಗೋಕಾ?'

ಮರುದಿನ ಬೆಳಿಗ್ಗೆ ಅವಳು ಆ ಹಂತವನ್ನು ತೆರೆದು, ತಾನೇ ಗಾರ್ಡ್ ಲೋಡ್ ಮಾಡಿ, ಸ್ಪ್ಯಾನರನ್ನು ಯಾವ ಯಾವ ಕೋನದಿಂದಲೋ ತೂರಿಸಿ ನೋಡಿದಳು. ಎಲ್ಲ ಕಡೆಯೂ ಕೆಂಪು. ಅವನು ಹೇಳಿದ್ದು ನಿಜವಾಗಿತ್ತು. ಅದರಿಂದ ಅವಳ ಕೋಪವೇನೂ ಇಳಿಯಲಿಲ್ಲ, ಇನ್ನಷ್ಟು ಏರಿತು!

ಅವಳು ನೇರ ವಿಶ್ವಾರಾಧ್ಯರ ಹತ್ತಿರ ಹೋದಳು. "ಸರ್, ಜನ ಮನೇಲಿ ಬೋಲ್ಟ್ ಬಿಗಿಯೋಕೆ ನಿಜವಾಗ್ಲೂ ಗಾರ್ಡ್ ಬಿಚ್ತಾರಾ? ನಾನು ಓಡಿಸಿರೋ ಮಷೀನ್ ಒಂದನ್ನ ನೋಡ್ಬೇಕು."

"ಅಜ್ಜಂಪುರಕ್ಕೆ ಹೋಗಮ್ಮ. ದುಶ್ಯಂತನ ಮನೇಲೇ ಒಂದು ಹಳೇದಿದೆ. ನಮ್ಮದಲ್ಲ, ಯಾವುದೋ ಬೇರೆ ಕಂಪನೀದು."

ಅವನ ಮನೆಗಾ...? ಹೋಗಲಿ, ಅವನು ಶೆಡ್‌ನಲ್ಲಿ ಇರುತ್ತಾನಲ್ಲ! ಅವತ್ತೇ ರೈಲು ಹತ್ತಿದಳು.

ಅಜ್ಜಂಪುರ ಸ್ಟೇಷನ್ನಿನಿಂದ ಸ್ವಲ್ಪವೇ ದೂರದಲ್ಲಿ, ತಗಡಿನ ಚಪ್ಪರದ ಕೆಳಗೆ ಮಷೀನ್ ತುಕ್ಕು ಹಿಡಿದು ನಿಂತಿತ್ತು. ಅದರ ಗಾರ್ಡ್ ಕೋಳಿಗೂಡಿನ ಬಾಗಿಲಾಗಿತ್ತು!

"ಕಾರ್ಖಾನೆಯಿಂದ ಮಷೀನ್ ನೋಡೋಕೆ ಬಂದೆಯಾ? ಕೂತ್ಕೊಳವ್ವ, ಕಾಫಿ ತತ್ತೀನಿ" ಎಂದು ನಗುತ್ತ ಬಂದವರು ದುಶ್ಯಂತನ ತಾಯಿ ಕಾಮಾಕ್ಷಮ್ಮ. ಲೋಟ ಚಾಚಿದ ಅವರ ಬಲಗೈಯಲ್ಲಿ ಎರಡು ಬೆರಳು ಇರಲಿಲ್ಲ.

ಹೇಮಶ್ರೀಯ ಕಣ್ಣು ಆ ಕೈ ಮೇಲೇ ನಿಂತಿತು.

"ಇದಾ? ಈ ಮಷೀನೇ ಕಣವ್ವ. ಬೋಲ್ಟ್ ಸಡ್ಲಾಯ್ತು ಅಂತ ಗಾರ್ಡ್ ಬಿಚ್ಚಿದ್ವಿ. ತಿರುಗಿ ಹಾಕೋಕೆ ಯಾರಿಗೆ ಪುರಸೊತ್ತು? ಸೀರೆ ಸೆರಗು ಸಿಕ್ತು, ಬಿಡಿಸ್ಕೊಳ್ಳೋಕೆ ಕೈ ಹಾಕ್ದೆ... ನಮ್ಮ ದುಶ್ಯಂತ ಇಸ್ಕೂಲ್ ಬಟ್ಟೇಲೇ ಓಡ್ಬಂದು ಸ್ವಿಚ್ ಆರಿಸ್ದ. ಇಲ್ದಿದ್ರೆ ಕೈಯೇ ಹೋಗ್ತಿತ್ತು. ಅವತ್ತಿಂದ ಅವನಿಗೆ ಗಾರ್ಡ್ ಇಲ್ದೆ ಇರೋ ರೋಲರ್ ಕಂಡ್ರೆ ಮೈಮೇಲೆ ಗ್ಯಾನ ಇರಕ್ಕಿಲ್ಲ."

ಹೇಮಶ್ರೀಗೆ ಮೀಟಿಂಗ್‌ನಲ್ಲಿ ಬಿಳಿಚಿಕೊಂಡ ಆ ಮುಖ ಕಣ್ಮುಂದೆ ಬಂತು. ಅದು ಅಹಂಕಾರವಾಗಿರಲಿಲ್ಲ... ಭಯವಾಗಿತ್ತು!

"ಅಂದಂಗೆ ಹೇಮಶ್ರೀ ಅಂದ್ರೆ ನೀನೇನಾ?" ಕಾಮಾಕ್ಷಮ್ಮ ಅವಳ ಗಲ್ಲ ಹಿಡಿದು ನೋಡಿದರು. "ಮನೇಗ್ ಬಂದ್ರೆ ನಿಂದೇ ಸುದ್ದಿ. 'ಅವ್ರಷ್ಟು ಅಚ್ಚುಕಟ್ಟಾಗಿ ಕೆಲ್ಸ ಮಾಡೋರ್ನ ನಾನು ನೋಡೇ ಇಲ್ಲ ಕಣಮ್ಮ' ಅಂತಾನೆ. ನಿನ್ನೆಯಿಂದ ಬಾಯೇ ಬಿಟ್ಟಿಲ್ಲ. ಏನಾಯ್ತು ಅಂತ ಕೇಳಿದ್ರೆ, 'ನನ್ನ ಬಾಯಿಂದ್ಲೇ ಎಲ್ಲ ಕೆಡಿಸ್ಕೊಂಡೆ' ಅಂದ."

ಹೇಮಶ್ರೀ ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು. ಆಮೇಲೆ ಎದ್ದು ಆ ತುಕ್ಕು ಹಿಡಿದ ಮಷೀನಿನ ಸುತ್ತ ಓಡಾಡಿದಳು. ಬಗ್ಗಿ ನೋಡಿದಳು. ಹಿಂದಿನಿಂದ ನೋಡಿದಳು.

ಅರೆ! ರೋಲರ್‌ನ ಆಚೆ ತುದಿಯಲ್ಲಿ, ಗಾರ್ಡ್‌ನಿಂದ ಹೊರಗೆ, ಎಷ್ಟೊಂದು ಜಾಗ ಖಾಲಿ ಇದೆ! ಬೋಲ್ಟ್‌ಗಳನ್ನು ನಮ್ಮ ಮಷೀನಿನಲ್ಲೂ ಹೊರಗಡೆಯಿಂದಲೇ ಹಾಕಿದರೆ...?

ಮರುದಿನ ಅವಳೇ ಶೆಡ್‌ಗೆ ಹೋದಳು. ದುಶ್ಯಂತ್ ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟ.

"ನಿಮ್ಮನೆಗೆ ಹೋಗಿದ್ದೆ" ಎಂದಳು.

"ಅಮ್ಮ ಹೇಳಿದ್ಲು..."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಅಯ್ಯೋ ಪಾಪ ಅಂತೀರ. ಅದು ನಂಗೆ ಬೇಡವಾಗಿತ್ತು." ಅವನು ತಲೆ ತಗ್ಗಿಸಿದ. "ಆದ್ರೆ ನೀವಂದಿದ್ದು ಸರಿ. ಹೊರಗೆ ಕರ್ದು ಮೊದಲು ನಿಮಗೆ ಹೇಳಬೇಕಿತ್ತು. ಕಡಿಮೆ ಲೋಡ್ ಮಾಡಿ ಅಂದು, ಏನನ್ನ ಬಿಡಬಾರದು ಅಂತ ಹೇಳ್ಕೊಡದೇ ಇದ್ದಿದ್ದು ನನ್ನ ತಪ್ಪು. ಸರ್ ಹತ್ರನೂ ಅದನ್ನೇ ಹೇಳ್ದೆ."

"ನಂದೂ ಇದೆ. ಬೇಗ ಓಡ್ಲಿ ಅಂತ ಗಾರ್ಡ್ ಇಳಿಸ್ದೋಳು ನಾನೇ. ಅದನ್ನ ನಾನು ಸರ್‌ಗೆ ಹೇಳ್ಕೊತೀನಿ." ಅವಳು ನಕ್ಕಳು. "ಈಗ ಬನ್ನಿ, ಒಂದು ತೋರಿಸ್ಬೇಕು."

ಪರದೆಯ ಮೇಲೆ ರೋಲರ್, ಗಾರ್ಡ್, ಚಾಸಿ ಎಲ್ಲವೂ ಲೋಡ್ ಆಗಿತ್ತು. ಬೋಲ್ಟ್‌ಗಳು ಹೊರಬದಿಗೆ ಬಂದಿದ್ದವು. ಸ್ಪ್ಯಾನರ್ ಒಂದು ಸುತ್ತು ಸುತ್ತಿತು... ಎಲ್ಲಿಯೂ ತಾಗಲಿಲ್ಲ. ಗಾರ್ಡ್ ಕೂತಲ್ಲೇ ಕೂತಿತ್ತು!

ದುಶ್ಯಂತ್ ಕುರ್ಚಿ ಎಳೆದುಕೊಂಡು ಆ ಹಂತವನ್ನು ಇನ್ನೊಮ್ಮೆ ಓಡಿಸಿ ನೋಡಿದ.

"ಸೇವ್ ಮಾಡಿ" ಎಂದ ಮೆಲ್ಲಗೆ. "ಗಾರ್ಡ್ ಕೂತ್ಮೇಲಿನ ಪ್ರತಿ ಹಂತದಲ್ಲೂ ಅದು ಇರಂಗೆ ಸೇವ್ ಮಾಡ್ಬಿಡಿ."

ಹೊಸ ಮಷೀನ್ ತಯಾರಾದಾಗ ಅದನ್ನು ಮೊದಲು ಕಳಿಸಿದ್ದು ಅಜ್ಜಂಪುರಕ್ಕೆ. ಕಾಮಾಕ್ಷಮ್ಮ ಮೊದಮೊದಲು ದೂರ ನಿಂತರು. ಹೇಮಶ್ರೀ ಅವರ ಕೈ ಹಿಡಿದು ಹತ್ತಿರ ಕರೆತಂದಳು. ಒಂದು ಕಾಯಿ ಹಾಕಿದರು. ಗಾರ್ಡ್ ಒಳಗೇ ಸಿಪ್ಪೆ ಬಿಡಿಸಿಕೊಂಡು ಕಾಯಿ ಆಚೆ ಉರುಳಿತು. ಇನ್ನೊಂದು ಹಾಕಿದರು. ಆಮೇಲೆ ಅವರನ್ನು ನಿಲ್ಲಿಸುವವರೇ ಇಲ್ಲ!

"ಬೋಲ್ಟ್ ಸಡ್ಲಾದ್ರೆ?" ಎಂದು ಕೇಳಿದರು.

ಹೇಮಶ್ರೀ ಸ್ವಿಚ್ ಆರಿಸಿ, ಸ್ಪ್ಯಾನರ್ ಅವರ ಕೈಗೇ ಕೊಟ್ಟಳು. ಕಾಮಾಕ್ಷಮ್ಮ ಹೊರಗಿನಿಂದಲೇ ಬಿಗಿದರು. "ಇಷ್ಟೇನಾ!" ಎಂದು ನಕ್ಕು, ಅಡುಗೆ ನೋಡಲು ಒಳಗೆ ಹೋದರು.

ಚಪ್ಪರದ ಕೆಳಗೆ ಇಬ್ಬರೇ ಉಳಿದರು. ಸಂಜೆಯ ಇಳಿಬಿಸಿಲು ಕಾಯಿರಾಶಿಯ ಮೇಲೆ ಬಿದ್ದಿತ್ತು.

"ಹೇಮಶ್ರೀ..." ದುಶ್ಯಂತ್ ಸಿಪ್ಪೆಯೊಂದನ್ನು ಹಿಡಿದು ನಾರು ಕೀಳುತ್ತಿದ್ದ. "ನಮ್ಮಮ್ಮ ಆ ಘಟನೆ ಆದ್ಮೇಲೆ ಮಷೀನ್ ಹತ್ರ ಬಂದು ನಕ್ಕಿದ್ದು ಇವತ್ತೇ. ನಂಗೆ ನೀವು ಅಂದ್ರೆ... ಹೆಂಗೆ ಹೇಳ್ಲಿ... ನಿಮ್ಮನ್ನ ಬಿಟ್ಟು ಇರೋಕಾಗಲ್ಲ ಕಣ್ರೀ. ಮದುವೆ ಆಗ್ತೀರಾ?"

ಹೇಮಶ್ರೀಯ ಕಾಲಿನ ಹೆಬ್ಬೆರಳು ನೆಲ ಗೀರುತ್ತಿತ್ತು. ಎಷ್ಟು ದಿನದಿಂದ ಕಾದಿದ್ದ ಮಾತು!

"ನಮ್ಮಪ್ಪ ಕೇಳ್ತಾರೆ, ಹುಡುಗ ಹೆಂಗೆ ಅಂತ."

"ಏನಂತೀರಾ?"

"ಮುಖದ ಮುಂದೆ ಬೈತಾನೆ, ಬೆನ್ನ ಹಿಂದೆ ಹೊಗಳ್ತಾನೆ ಅಂತೀನಿ."

ಅವನು ಗಾಬರಿಯಿಂದ ತಲೆಯೆತ್ತಿದ. "ಅಯ್ಯೋ! ಹಂಗಂದ್ರೆ ಅವ್ರು ಒಪ್ತಾರಾ?"

"ನಮ್ಮಮ್ಮ ಹೇಳೋ ಪ್ರಕಾರ ನಮ್ಮಪ್ಪನೂ ಹಂಗೇ ಅಂತೆ. ಒಪ್ತಾರೆ."

"ಮತ್ತೆ... ನೀವು?"

"ನಾನು ಒಪ್ಪಿ ಎಷ್ಟೋ ದಿನ ಆಯ್ತು ಕಣೋ, ಪೆದ್ದ."

ಆ 'ಕಣೋ' ಕೇಳಿ ಅವನ ಮುಖವೆಲ್ಲ ಅರಳಿತು.

"ಇನ್ನೊಂದ್ಸಲ ಹೇಳು..."

"ಊಟ ಆದ್ಮೇಲೆ ಹೇಳ್ತೀನಿ. ಒಳಗೆ ಅತ್ತೆ ಕಾಯ್ತಿದ್ದಾರೆ, ಬಾ."